ಗ್ಯಾರಿ ಕಿಲ್ಡಾಲ್: ಯಂತ್ರ ಅಳಿದರೂ ಉಳಿದ ತಂತ್ರಾಂಶ

ವೈಟ್‌ಫೀಲ್ಡ್‌ನ ಯಾವುದೇ ಕಚೇರಿಯಲ್ಲಿ ವಿಂಡೋಸ್ ಆಧಾರಿತ ಗಣಕಯಂತ್ರವೊಂದನ್ನು ತೆರೆದು ನೋಡಿದರೆ ಅದರ ಮುಖ್ಯ ಡಿಸ್ಕಿಗೆ ‘ಸಿ’ ಎಂಬ ಅಕ್ಷರದ ಹೆಸರಿರುತ್ತದೆ. ಎ ಮತ್ತು ಬಿ ಎಂಬ ಅಕ್ಷರಗಳು ಒಂದು ಕಾಲದಲ್ಲಿ ಫ್ಲಾಪಿ ಡಿಸ್ಕುಗಳಿಗೆ ಮೀಸಲಾಗಿದ್ದವು. ಫ್ಲಾಪಿಗಳು ಕಣ್ಮರೆಯಾಗಿ ವರ್ಷಗಳೇ ಉರುಳಿದ್ದರೂ ಅವುಗಳ ಜಾಗ ಖಾಲಿಯಾಗಿಯೇ ಉಳಿದಿದೆ. ಸಣ್ಣ ಗಣಕಗಳ ಜಗತ್ತಿಗೆ ಈ ಪದ್ಧತಿಯನ್ನು ತಂದವರು ಗ್ಯಾರಿ ಕಿಲ್ಡಾಲ್. ಪ್ರತಿದಿನ ಲಕ್ಷಾಂತರ ಮಂದಿ ಅವರ ಹೆಜ್ಜೆಗುರುತಿನ ಮೇಲೆ ಕೈಯಾಡಿಸುತ್ತಾರೆ. ಹೆಸರು ಬಲ್ಲವರು ಮಾತ್ರ ಕಡಿಮೆ. ಬಲ್ಲವರಲ್ಲೂ ಬಹುತೇಕರು ಬಲ್ಲದ್ದು, ಐಬಿಎಂ ಅಧಿಕಾರಿಗಳು ಮನೆ ಬಾಗಿಲಿಗೆ ಬಂದಾಗ ವಿಮಾನ ಹಾರಿಸಲು ಹೋಗಿ ಅದೃಷ್ಟ ಕಳೆದುಕೊಂಡ ವ್ಯಕ್ತಿ ಎಂಬ ಕಥೆಯನ್ನಷ್ಟೇ.

ಕಿಲ್ಡಾಲ್ ತೀರಿಕೊಂಡದ್ದು 1994ರಲ್ಲಿ. ಅವರು ರಚಿಸಿದ ಸಿಪಿ/ಎಂ ಎಂಬ ಕಾರ್ಯಾಚರಣ ವ್ಯವಸ್ಥೆ ಅದಕ್ಕೂ ಮೊದಲೇ ಮಾರುಕಟ್ಟೆಯಿಂದ ಮರೆಯಾಗಿತ್ತು. ಆದರೆ ಇಂದು ಯಾವ ಸಾಧಾರಣ ಲ್ಯಾಪ್‌ಟಾಪಿನಲ್ಲಾದರೂ ಅದನ್ನು ಮತ್ತೆ ಚಾಲನೆಗೊಳಿಸಬಹುದು. ಅದರ ಮೂಲ ಸಂಕೇತವನ್ನು ಸಾಲು ಸಾಲಾಗಿ ಓದಬಹುದು. ಒಬ್ಬ ಮನುಷ್ಯನ ಕುರಿತ ದಂತಕಥೆಯನ್ನು ಬದಿಗಿಟ್ಟು ಅವನ ಕೃತಿಯನ್ನೇ ಎದುರಿಗಿಟ್ಟುಕೊಂಡು ಅವನನ್ನು ಅಳೆಯುವ ಅವಕಾಶ ಇದರಿಂದ ದೊರೆತಿದೆ. ಇದು ಹೇಗೆ ಸಾಧ್ಯವಾಯಿತೆಂಬುದನ್ನು ಮಾಹಿತಿ ತಂತ್ರಜ್ಞಾನದ ರಾಜಧಾನಿ ಎನಿಸಿಕೊಂಡ ಬೆಂಗಳೂರು ತಿಳಿದುಕೊಳ್ಳಬೇಕಾದ ಅಗತ್ಯವಿದೆ.

ಕಿಲ್ಡಾಲ್ ಜನಿಸಿದ್ದು 1942ರ ಮೇ 19ರಂದು, ಅಮೆರಿಕದ ವಾಯವ್ಯ ಕರಾವಳಿಯ ಸಿಯಾಟಲ್ ನಗರದಲ್ಲಿ. ನಾರ್ವೆಯ ಮೂಲದ ಅವರ ಕುಟುಂಬ ಅಲ್ಲಿ ನೌಕಾಯಾನ ಶಾಲೆಯೊಂದನ್ನು ನಡೆಸುತ್ತಿತ್ತು. ಹಡಗಿನ ದಾರಿಯನ್ನು ಲೆಕ್ಕಹಾಕಿ ಕಂಡುಹಿಡಿಯುವ ವಿದ್ಯೆ ಮನೆಯಲ್ಲೇ ಇದ್ದ ಹುಡುಗ ಗಣಿತದ ಮೇಷ್ಟ್ರಾಗಬೇಕೆಂದು ವಾಷಿಂಗ್ಟನ್ ವಿಶ್ವವಿದ್ಯಾಲಯ ಸೇರಿದ್ದು ಸಹಜವೇ ಆಗಿತ್ತು. ಅಲ್ಲಿ ಗಣಕಯಂತ್ರದ ಪರಿಚಯವಾಗಿ ಆಸಕ್ತಿ ಅತ್ತ ಹೊರಳಿತು. ವಿಯೆಟ್ನಾಂ ಯುದ್ಧದ ಕಾಲ ಅದು. ಸೇನಾ ಸೇವೆಯ ಕರ್ತವ್ಯದ ಅಂಗವಾಗಿ ಅವರು ಕ್ಯಾಲಿಫೋರ್ನಿಯಾದ ಮಾಂಟೆರೆಯಲ್ಲಿರುವ ನೌಕಾಪಡೆಯ ಸ್ನಾತಕೋತ್ತರ ಶಾಲೆಯಲ್ಲಿ ಅಧ್ಯಾಪಕರಾದರು. ಸಿಯಾಟಲ್‌ನ ವಿಶ್ವವಿದ್ಯಾಲಯದಿಂದ 1972ರಲ್ಲಿ ಡಾಕ್ಟರೇಟ್ ಪಡೆದರು. ಕಂಪೈಲರ್‌ಗಳು ಪ್ರೋಗ್ರಾಮನ್ನು ಹೆಚ್ಚು ದಕ್ಷಗೊಳಿಸುವ ಬಗೆಯ ಕುರಿತು ಅವರು 1973ರಲ್ಲಿ ಪ್ರಕಟಿಸಿದ ವಿಧಾನವನ್ನು ಗಣಕ ವಿಜ್ಞಾನದ ವಿದ್ಯಾರ್ಥಿಗಳು ಇಂದಿಗೂ ಅವರ ಹೆಸರಿನಲ್ಲೇ ಕಲಿಯುತ್ತಾರೆ. ಮುಂದೆ ಅವರು ಏನನ್ನೂ ಮಾಡದಿದ್ದರೂ ವಿದ್ವತ್ ಲೋಕದಲ್ಲಿ ಅವರಿಗೊಂದು ಸ್ಥಾನವಿರುತ್ತಿತ್ತು.

ಇಂಟೆಲ್ ಕಂಪನಿ 1971ರ ನವೆಂಬರಿನಲ್ಲಿ 4004 ಎಂಬ ಮೈಕ್ರೊಪ್ರೊಸೆಸರನ್ನು ಪ್ರಕಟಿಸಿತು. ಒಂದು ಉಗುರಿನಷ್ಟು ಜಾಗದಲ್ಲಿ ಗಣಕದ ಮಿದುಳನ್ನು ಅಡಗಿಸಿದ ಈ ಚಿಪ್ಪಿನ ಸಾಧ್ಯತೆಯನ್ನು ಆಗ ಗ್ರಹಿಸಿದವರು ವಿರಳ. ಇಂಟೆಲ್ ಕೂಡ ಅದನ್ನು ಯಂತ್ರೋಪಕರಣಗಳ ನಿಯಂತ್ರಣಕ್ಕೆ ಬಳಸುವ ಭಾಗವೆಂದೇ ಬಗೆದಿತ್ತು. ಕಿಲ್ಡಾಲ್ ಅದರ ಬೆನ್ನು ಹತ್ತಿದರು. ವಾರಕ್ಕೊಂದು ದಿನ ಇಂಟೆಲ್‌ಗೆ ಸಲಹೆಗಾರರಾಗಿ ದುಡಿದರು. ಅಲ್ಲೊಂದು ತೊಡಕಿತ್ತು. ಹೊಸ ಚಿಪ್ಪಿಗೆ ಪ್ರೋಗ್ರಾಂ ಬರೆಯಬೇಕು, ಆದರೆ ಅದನ್ನು ಬರೆದು ಪರೀಕ್ಷಿಸಲು ಆ ಚಿಪ್ಪಿನ ಮೇಲೆ ನಡೆಯುವ ಸಜ್ಜಾದ ಗಣಕವೇ ಇರಲಿಲ್ಲ.

ಕಿಲ್ಡಾಲ್ ಕಂಡುಕೊಂಡ ಉಪಾಯ ದೊಡ್ಡ ಗಣಕದೊಳಗೆ ಚಿಕ್ಕ ಗಣಕವನ್ನು ಸೃಷ್ಟಿಸುವುದು. ಪಿಡಿಪಿ-10 ಎಂಬ ಬೃಹತ್ ಯಂತ್ರದಲ್ಲಿ ನಡೆಯುವ ಒಂದು ಪ್ರೋಗ್ರಾಮನ್ನು ಅವರು ಬರೆದರು. ಅದು ಇಂಟೆಲ್ ಚಿಪ್ಪಿನ ಪ್ರತಿಯೊಂದು ಆದೇಶವನ್ನೂ ಓದಿ, ಆ ಚಿಪ್ಪು ಇದ್ದಿದ್ದರೆ ಏನು ಮಾಡುತ್ತಿತ್ತೋ ಅದನ್ನೇ ಲೆಕ್ಕದಲ್ಲಿ ಮಾಡಿ ತೋರಿಸುತ್ತಿತ್ತು. ಮೊದಲು 8008, ಬಳಿಕ 8080 ಚಿಪ್ಪುಗಳಿಗೆ ಇಂತಹ ಅನುಕರಣ ತಂತ್ರಾಂಶಗಳು ಸಿದ್ಧವಾದವು. ಜೊತೆಗೆ ಪಿಎಲ್/ಎಂ ಎಂಬ ಪ್ರೋಗ್ರಾಮಿಂಗ್ ಭಾಷೆಯನ್ನೂ ಅವರು ಇಂಟೆಲ್‌ಗಾಗಿ ರೂಪಿಸಿದರು. ಅನುಕರಣದ ಈ ತಂತ್ರವನ್ನೇ ಇಂದು ಎಮ್ಯುಲೇಶನ್ ಎನ್ನುತ್ತೇವೆ. ಹುಟ್ಟಲಿರುವ ಯಂತ್ರಕ್ಕಾಗಿ ಕಿಲ್ಡಾಲ್ ಬಳಸಿದ ಉಪಾಯವೇ, ಸತ್ತುಹೋದ ಯಂತ್ರಗಳನ್ನು ಎಬ್ಬಿಸುವ ಸಾಧನವಾಗಿ ಮುಂದೆ ಅವರ ಕೃತಿಯನ್ನು ಉಳಿಸಿತು.

ಪಿಡಿಪಿ-10 ನಮಗೂ ಅಪರಿಚಿತವಲ್ಲ. ಅದೇ ವಂಶದ ಡೆಕ್-10 ಯಂತ್ರ 1980ರ ದಶಕದಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿತ್ತು. ಈ ನಗರದ ಒಂದು ತಲೆಮಾರಿನ ಎಂಜಿನಿಯರುಗಳು ಪ್ರೋಗ್ರಾಮಿಂಗ್‌ನ ಓನಾಮ ಕಲಿತದ್ದು ಅದರ ಮುಂದೆ.

ಫ್ಲಾಪಿ ಡಿಸ್ಕ್ ಬಂದಾಗ ಕಿಲ್ಡಾಲ್ ಅದರ ಮಹತ್ವವನ್ನು ಕೂಡಲೇ ಗುರುತಿಸಿದರು. ಅದುವರೆಗೆ ಸಣ್ಣ ಗಣಕಗಳಿಗೆ ಮಾಹಿತಿ ಉಣಿಸಲು ಕಾಗದದ ರಂಧ್ರಪಟ್ಟಿಯೇ ಗತಿಯಾಗಿತ್ತು. ಶುಗಾರ್ಟ್ ಕಂಪನಿಯ 8 ಅಂಗುಲದ ಡ್ರೈವೊಂದು ಅವರ ಕೈಸೇರಿತು. ಆದರೆ ಅದನ್ನು ಗಣಕಕ್ಕೆ ಜೋಡಿಸುವ ನಿಯಂತ್ರಕ ಮಂಡಲ ಅವರಿಂದ ಸಿದ್ಧವಾಗಲಿಲ್ಲ. ವಿಶ್ವವಿದ್ಯಾಲಯದ ಗೆಳೆಯ ಜಾನ್ ಟೊರೋಡ್ ಅದನ್ನು ನಿರ್ಮಿಸಿಕೊಟ್ಟರು. ಡಿಸ್ಕಿನಲ್ಲಿ ಕಡತಗಳನ್ನು ಹೆಸರಿಟ್ಟು ಇಡುವ, ಹುಡುಕುವ, ಅಳಿಸುವ, ಪ್ರೋಗ್ರಾಮುಗಳನ್ನು ಚಾಲನೆಗೊಳಿಸುವ ವ್ಯವಸ್ಥೆಯನ್ನು ಕಿಲ್ಡಾಲ್ ತಮ್ಮದೇ ಪಿಎಲ್/ಎಂ ಭಾಷೆಯಲ್ಲಿ ಬರೆದರು. 1974ರಲ್ಲಿ ಪೆಸಿಫಿಕ್ ಗ್ರೋವ್ ಎಂಬ ಊರಿನ ಅವರ ಮನೆಯ ಹಿತ್ತಲಿನಲ್ಲಿ ಅದು ಚಾಲನೆಗೊಂಡಿತು. ಅದೇ ಸಿಪಿ/ಎಂ. ಎಂಟಕ್ಷರದ ಕಡತದ ಹೆಸರು, ಅದರ ಮುಂದೊಂದು ಚುಕ್ಕಿ, ಆ ಬಳಿಕ ಮೂರಕ್ಷರದ ಬಾಲ ಎಂಬ ಡಾಸ್ ಕಾಲದ ನಿಯಮವೂ ಸಣ್ಣ ಗಣಕಗಳಿಗೆ ಬಂದದ್ದು ಈ ವ್ಯವಸ್ಥೆಯಿಂದಲೇ.

ಇಂಟೆಲ್ ಈ ವ್ಯವಸ್ಥೆಯಲ್ಲಿ ಆಸಕ್ತಿ ತೋರಲಿಲ್ಲ. ಕಿಲ್ಡಾಲ್ ಹಾಗೂ ಅವರ ಪತ್ನಿ ಡೊರೊತಿ ಮೆಕ್‌ಇವೆನ್ ತಾವೇ ಒಂದು ಕಂಪನಿ ಕಟ್ಟಿದರು. ಆರಂಭದಲ್ಲಿ ಅದಕ್ಕಿದ್ದ ಇಂಟರ್‌ಗ್ಯಾಲಕ್ಟಿಕ್ ಡಿಜಿಟಲ್ ರಿಸರ್ಚ್ ಎಂಬ ತಮಾಷೆಯ ಹೆಸರು ಬಳಿಕ ಡಿಜಿಟಲ್ ರಿಸರ್ಚ್ ಎಂದಷ್ಟೇ ಉಳಿಯಿತು. ವ್ಯವಹಾರವನ್ನು ಡೊರೊತಿ ನೋಡಿಕೊಂಡರೆ ರಚನೆಯನ್ನು ಗ್ಯಾರಿ ನೋಡಿಕೊಂಡರು. ಗಣಕದ ಕೈಗಾರಿಕೆಯ ಕಥೆ ಹೇಳುವಾಗ ಡೊರೊತಿಯವರ ಪಾಲನ್ನು ಬಿಟ್ಟುಬಿಡುವುದು ರೂಢಿಯಾಗಿದೆ, ಅದು ನ್ಯಾಯವಲ್ಲ.

ಕಿಲ್ಡಾಲ್ ಅವರ ಅತ್ಯಂತ ದೂರದೃಷ್ಟಿಯ ಕೆಲಸ ಇದರ ಬಳಿಕ ನಡೆಯಿತು. ಆಗ ಪ್ರತಿಯೊಬ್ಬ ತಯಾರಕನ ಗಣಕವೂ ಬೇರೆ ಬೇರೆ ಬಗೆಯದಾಗಿತ್ತು. ಇಮ್ಸಾಯ್ ಎಂಬ ಕಂಪನಿ ತನ್ನ ಯಂತ್ರಕ್ಕೆ ಸಿಪಿ/ಎಂ ಅನ್ನು ಹೊಂದಿಸಿಕೊಡಲು ಕೇಳಿದಾಗ, ಪ್ರತಿ ಯಂತ್ರಕ್ಕೂ ಇಡೀ ವ್ಯವಸ್ಥೆಯನ್ನು ತಿದ್ದುವ ಬದಲು ಅವರು ಅದನ್ನು ಎರಡಾಗಿ ಸೀಳಿದರು. ಯಂತ್ರಾಂಶದೊಡನೆ ನೇರ ಮಾತನಾಡುವ ಚಿಕ್ಕ ಭಾಗ ಒಂದು ಕಡೆ, ಎಲ್ಲ ಯಂತ್ರಗಳಿಗೂ ಸಮಾನವಾದ ದೊಡ್ಡ ಭಾಗ ಇನ್ನೊಂದು ಕಡೆ. ಆ ಚಿಕ್ಕ ಭಾಗಕ್ಕೆ ಅವರಿಟ್ಟ ಹೆಸರು ಬಯೋಸ್. ಹೊಸ ಯಂತ್ರ ಬಂದರೆ ಬಯೋಸ್ ಒಂದನ್ನು ಬದಲಿಸಿದರೆ ಸಾಕು. ಮೇಲಿನ ತಂತ್ರಾಂಶವೆಲ್ಲ ಹಾಗೆಯೇ ನಡೆಯುತ್ತದೆ. ತಂತ್ರಾಂಶವನ್ನು ಯಂತ್ರದಿಂದ ಬಿಡಿಸಿ ಸ್ವತಂತ್ರ ಸರಕಾಗಿಸಿದ ಈ ವಿಭಜನೆಯ ಮೇಲೆ ಒಂದು ಉದ್ಯಮವೇ ನಿಂತಿತು. 1980ರ ದಶಕದ ಆರಂಭದ ವೇಳೆಗೆ ಸುಮಾರು 3000 ಬಗೆಯ ಗಣಕಗಳಲ್ಲಿ ಸಿಪಿ/ಎಂ ನಡೆಯುತ್ತಿತ್ತು. ವರ್ಡ್‌ಸ್ಟಾರ್, ಡಿಬೇಸ್ ಮೊದಲಾದವು ಮೊದಲು ಹುಟ್ಟಿದ್ದು ಸಿಪಿ/ಎಂ ಯಂತ್ರಗಳಿಗಾಗಿ. ಮುಂದೆ ನಮ್ಮ ಊರುಗಳ ಗಣಕ ತರಬೇತಿ ಕೇಂದ್ರಗಳಲ್ಲಿ ಶುಲ್ಕ ತೆತ್ತು ಈ ಎರಡನ್ನೂ ಕಲಿತವರಿಗೆ ಅವುಗಳ ತವರು ಡಾಸ್ ಅಲ್ಲವೆಂಬುದು ಬಹುಶಃ ತಿಳಿದಿರಲಿಲ್ಲ.

ಗಣಕಗಳನ್ನು ಒಂದಕ್ಕೊಂದು ಬೆಸೆಯುವ ಯೋಚನೆಯೂ ಡಿಜಿಟಲ್ ರಿಸರ್ಚ್‌ನಲ್ಲಿ ಬೇಗನೆ ಮೊಳೆಯಿತು. ಒಂದೇ ಯಂತ್ರವನ್ನು ಹಲವರು ಬಳಸಲು ಅನುವಾಗುವ ಎಂಪಿ/ಎಂ, ಅದಕ್ಕೆ ಬೇರೆ ಯಂತ್ರಗಳನ್ನು ಜೋಡಿಸಿ ಡಿಸ್ಕ್ ಮತ್ತು ಮುದ್ರಕಗಳನ್ನು ಹಂಚಿಕೊಳ್ಳುವ ಸಿಪಿ/ನೆಟ್ ಎಂಬ ಜಾಲ ತಂತ್ರಾಂಶ ಹೊರಬಂದವು. ಇದೇ ಅವಧಿಯಲ್ಲಿ ಯೂಟಾ ರಾಜ್ಯದ ನೊವೆಲ್ ಕಂಪನಿ ತಾನು ಮಾರುತ್ತಿದ್ದ ಸಿಪಿ/ಎಂ ಯಂತ್ರಗಳನ್ನು ಬೆಸೆಯಲು ಕೆಲವು ತರುಣರನ್ನು ನೇಮಿಸಿತು. ಅವರ ಕೆಲಸವೇ ಬೆಳೆದು ನೆಟ್‌ವೇರ್ ಆಯಿತು. 1990ರ ದಶಕದಲ್ಲಿ ಭಾರತದ ಕಚೇರಿಗಳ ಗಣಕಜಾಲವೆಂದರೆ ಬಹುಮಟ್ಟಿಗೆ ನೆಟ್‌ವೇರ್ ಎಂದೇ ಅರ್ಥವಾಗಿತ್ತು.

ಇನ್ನು ಆ ಪ್ರಸಿದ್ಧ ವಿಮಾನದ ಕಥೆ. 1980ರಲ್ಲಿ ಐಬಿಎಂ ತನ್ನ ಮೊದಲ ವೈಯಕ್ತಿಕ ಗಣಕಕ್ಕೆ ಕಾರ್ಯಾಚರಣ ವ್ಯವಸ್ಥೆ ಅರಸುತ್ತ ಡಿಜಿಟಲ್ ರಿಸರ್ಚ್‌ಗೆ ಬಂದಿತು. ಕಿಲ್ಡಾಲ್ ಆ ಬೆಳಗ್ಗೆ ತಮ್ಮ ವಿಮಾನದಲ್ಲಿ ಮತ್ತೊಬ್ಬ ಗ್ರಾಹಕರನ್ನು ಕಾಣಲು ಹೋಗಿದ್ದರು, ವಿಹಾರಕ್ಕಲ್ಲ, ಕೆಲಸಕ್ಕೆ. ಐಬಿಎಂ ಮುಂದಿಟ್ಟ ಗೋಪ್ಯತಾ ಕರಾರಿಗೆ ಸಹಿ ಹಾಕಲು ಡೊರೊತಿ ಮತ್ತು ಕಂಪನಿಯ ವಕೀಲರು ಹಿಂಜರಿದರು. ಆ ದಿನ ಮುಂದೇನಾಯಿತೆಂಬುದರ ಬಗ್ಗೆ ಹಾಜರಿದ್ದವರ ಹೇಳಿಕೆಗಳೇ ಪರಸ್ಪರ ತಾಳೆಯಾಗುವುದಿಲ್ಲ. ಒಪ್ಪಂದ ಕುದುರಲಿಲ್ಲ ಎಂಬುದಷ್ಟೇ ನಿರ್ವಿವಾದ. ಐಬಿಎಂ ಮೈಕ್ರೋಸಾಫ್ಟ್ ಕಡೆ ತಿರುಗಿತು. ಮೈಕ್ರೋಸಾಫ್ಟ್, ಸಿಯಾಟಲ್ ಕಂಪ್ಯೂಟರ್ ಪ್ರಾಡಕ್ಟ್ಸ್ ಎಂಬ ಕಂಪನಿಗಾಗಿ ಟಿಮ್ ಪ್ಯಾಟರ್ಸನ್ ಬರೆದಿದ್ದ ವ್ಯವಸ್ಥೆಯನ್ನು ಕೊಂಡು ಡಾಸ್ ಎಂದು ಒದಗಿಸಿತು. ಅದು ಬಳಕೆದಾರನಿಗೂ ಪ್ರೋಗ್ರಾಮುಗಳಿಗೂ ಸಿಪಿ/ಎಂ ಮಾದರಿಯಲ್ಲೇ ತೋರುತ್ತಿತ್ತು. ಕಿಲ್ಡಾಲ್ ಆಕ್ಷೇಪಿಸಿದಾಗ ಐಬಿಎಂ ಅವರ ಸಿಪಿ/ಎಂ-86 ಅನ್ನೂ ಮಾರಲು ಒಪ್ಪಿತು. ಆದರೆ ಅಂಗಡಿಯಲ್ಲಿ ಡಾಸ್ ಬೆಲೆ 40 ಡಾಲರ್, ಸಿಪಿ/ಎಂ-86ರ ಬೆಲೆ 240 ಡಾಲರ್. ಕೊಳ್ಳುವವರು ಯಾವುದನ್ನು ಆರಿಸಿದರೆಂದು ಹೇಳಬೇಕಾಗಿಲ್ಲ.

ಸೋತ ಬಳಿಕವೂ ಕಿಲ್ಡಾಲ್ ಕೈಕಟ್ಟಿ ಕೂರಲಿಲ್ಲ. 1983ರಿಂದ 1990ರವರೆಗೆ ಸ್ಟೂವರ್ಟ್ ಚೀಫೆ ಅವರೊಡನೆ ಅಮೆರಿಕದ ಸಾರ್ವಜನಿಕ ದೂರದರ್ಶನದಲ್ಲಿ ಕಂಪ್ಯೂಟರ್ ಕ್ರಾನಿಕಲ್ಸ್ ಎಂಬ ಕಾರ್ಯಕ್ರಮ ನಡೆಸಿಕೊಟ್ಟರು; ಪ್ರತಿಸ್ಪರ್ಧಿಗಳ ಸರಕನ್ನೂ ಅಲ್ಲಿ ಸಮಚಿತ್ತದಿಂದ ಪರಿಚಯಿಸಿದರು. ಗ್ರೋಲಿಯರ್ ವಿಶ್ವಕೋಶವನ್ನು 1985ರಲ್ಲಿ ಸಿಡಿಗೆ ಇಳಿಸಿದ ಸಾಹಸದ ಹಿಂದೆ ಅವರಿದ್ದರು. ಅವರ ಕಂಪನಿ 1988ರಲ್ಲಿ ಡಿಆರ್-ಡಾಸ್ ಹೊರತಂದು ಮೈಕ್ರೋಸಾಫ್ಟ್‌ಗೆ ಸ್ಪರ್ಧೆಯೊಡ್ಡಿತು. 1991ರಲ್ಲಿ ಡಿಜಿಟಲ್ ರಿಸರ್ಚ್ ಅನ್ನು ನೊವೆಲ್ ಕೊಂಡುಕೊಂಡಿತು. ಹಣಕ್ಕೆ ಕೊರತೆಯಿರಲಿಲ್ಲ; ಮನಸ್ಸಿಗೆ ನೆಮ್ಮದಿಯಿರಲಿಲ್ಲ. ಎಲ್ಲಿ ಹೋದರೂ ವಿಮಾನದ ಕಥೆ ಅವರಿಗಿಂತ ಮುಂಚೆ ಅಲ್ಲಿ ತಲುಪಿರುತ್ತಿತ್ತು. 1993ರಲ್ಲಿ ತಮ್ಮ ನೆನಪುಗಳನ್ನು ಬರೆದು ಆಪ್ತರಿಗಷ್ಟೇ ಹಂಚಿದರು. 1994ರ ಜುಲೈನಲ್ಲಿ ಮಾಂಟೆರೆಯ ಮದ್ಯದಂಗಡಿಯೊಂದರಲ್ಲಿ ತಲೆಗೆ ಪೆಟ್ಟಾಗಿ ಮೂರು ದಿನಗಳ ಬಳಿಕ, 11ರಂದು, ನಿಧನರಾದರು. ಆಗ ಅವರ ವಯಸ್ಸು 52.

ಕಥೆ ಇಲ್ಲಿಗೇ ಮುಗಿಯಬಹುದಿತ್ತು. ಸಿಪಿ/ಎಂ ನಡೆಯುತ್ತಿದ್ದ ಯಂತ್ರಗಳು ಗುಜರಿ ಸೇರಿದ್ದವು. ತಂತ್ರಾಂಶದ ಹಕ್ಕು ನೊವೆಲ್‌ನಿಂದ 1996ರಲ್ಲಿ ಕಾಲ್ಡೆರಾ ಕಂಪನಿಗೆ, ಅಲ್ಲಿಂದ ಅದರ ಉತ್ತರಾಧಿಕಾರಿಗಳಿಗೆ ಕೈ ಬದಲಾಯಿಸುತ್ತ ಸಾಗಿತ್ತು. ಆದರೆ ಹವ್ಯಾಸಿಗಳು ಫ್ಲಾಪಿಗಳನ್ನೂ ಕೈಪಿಡಿಗಳನ್ನೂ ಜೋಪಾನ ಮಾಡಿದ್ದರು. ಬಾಬ್ ಸುಪ್ನಿಕ್ 1993ರಲ್ಲಿ ಆರಂಭಿಸಿದ ಸಿಮ್‌ಎಚ್‌ನಂತಹ ಎಮ್ಯುಲೇಟರ್‌ಗಳು ಹಳೆಯ ಗಣಕಗಳನ್ನು ಒಂದೊಂದಾಗಿ ಮತ್ತೆ ಎಬ್ಬಿಸತೊಡಗಿದವು. 2001ರಲ್ಲಿ ಹಕ್ಕುದಾರರು ಸಿಪಿ/ಎಂ ಅನ್ನು ಹಂಚಲು ಅನುಮತಿ ನೀಡಿದರು. ಅದರ ವ್ಯಾಪ್ತಿ ಎಲ್ಲರಿಗೂ ಅನ್ವಯಿಸುತ್ತದೆಂದು 2022ರಲ್ಲಿ ಸ್ಪಷ್ಟಪಡಿಸಿದರು. ಕ್ಯಾಲಿಫೋರ್ನಿಯಾದ ಕಂಪ್ಯೂಟರ್ ಹಿಸ್ಟರಿ ಮ್ಯೂಸಿಯಂ 2014ರಲ್ಲಿ ಅದರ ಆರಂಭಿಕ ಆವೃತ್ತಿಗಳ ಮೂಲ ಸಂಕೇತವನ್ನು ಪ್ರಕಟಿಸಿತು. ಕುಟುಂಬದ ಸಮ್ಮತಿಯಿಂದ ಕಿಲ್ಡಾಲ್ ಅವರ ನೆನಪುಗಳ ಮೊದಲ ಭಾಗವನ್ನು 2016ರಲ್ಲಿ ಹೊರತಂದಿತು. ಇಂದು ಎಂಪಿ/ಎಂ ಮತ್ತು ಸಿಪಿ/ನೆಟ್ ಕೂಡ ಎಮ್ಯುಲೇಟರ್‌ಗಳಲ್ಲಿ ನಡೆಯುತ್ತವೆ. ಆ ಕಾಲದ ತಂತಿಯ ಜಾಗದಲ್ಲಿ ಇಂದಿನ ಅಂತರ್ಜಾಲ ನಿಂತಿದೆ, ಅಷ್ಟೇ.

ಇದರಿಂದ ಆದ ಪ್ರಯೋಜನವೇನು? ಕೇವಲ ಹಳೆಯದರ ಮೋಹವಲ್ಲ. ಡಾಸ್ ಎಂಬುದು ಸಿಪಿ/ಎಂನ ಕಳವು ಎಂಬ ಆರೋಪ ದಶಕಗಳ ಕಾಲ ಹರಿದಾಡಿತ್ತು. ನ್ಯಾಯಾಲಯದ ಮೆಟ್ಟಿಲನ್ನೂ ಏರಿತ್ತು. 2012ರಲ್ಲಿ ತಂತ್ರಾಂಶ ತಜ್ಞ ಬಾಬ್ ಝೀಡ್‌ಮನ್ ಎರಡನ್ನೂ ಹೋಲಿಸಿ ನೋಡಿದಾಗ ಸಂಕೇತವನ್ನು ನಕಲು ಮಾಡಿದ ಕುರುಹು ಸಿಗಲಿಲ್ಲ. ಆದರೆ ಪ್ರೋಗ್ರಾಮುಗಳು ವ್ಯವಸ್ಥೆಯನ್ನು ಕರೆಯುವ ವಿಧಾನದಲ್ಲಿ ಎರಡಕ್ಕೂ ಇದ್ದ ಹೋಲಿಕೆ ಎದ್ದು ಕಾಣುತ್ತದೆ. ಅಂದರೆ ಕೈಬರಹ ಬೇರೆ, ನಕ್ಷೆ ಕಿಲ್ಡಾಲ್ ಅವರದು. ಪ್ಯಾಟರ್ಸನ್ ಕಳ್ಳರಲ್ಲ, ಕಿಲ್ಡಾಲ್ ಬರಿಯ ದುರದೃಷ್ಟವಂತರೂ ಅಲ್ಲ. ಇಬ್ಬರಿಗೂ ಸಲ್ಲಬೇಕಾದ ನ್ಯಾಯ ಸಂದದ್ದು, ಪರೀಕ್ಷಿಸಲು ಮೂಲ ದಾಖಲೆ ಉಳಿದಿದ್ದರಿಂದ.

ಈಗ ನಮ್ಮ ಕಡೆ ನೋಡೋಣ. ಕಿಲ್ಡಾಲ್ ಅವರ ಉಪಾಯ ಬೆಂಗಳೂರಿಗೆ ದಿನನಿತ್ಯದ ದುಡಿಮೆ. ನಗರದ ಹೊರವಲಯದ ಚಿಪ್ ವಿನ್ಯಾಸ ಕೇಂದ್ರಗಳಲ್ಲಿ ಚಿಪ್ ಕೈಗೆ ಬರುವ ಮುನ್ನವೇ ಅದರ ಅನುಕರಣದ ಮೇಲೆ ತಂತ್ರಾಂಶ ನಡೆದಿರುತ್ತದೆ. 2008ರಲ್ಲಿ ಬಿಡುಗಡೆಯಾದ ಇಂಟೆಲ್‌ನ ಆರು ತಿರುಳಿನ ಜಿಯಾನ್ 7400 ಪ್ರೊಸೆಸರ್ ಬೆಂಗಳೂರಿನಲ್ಲಿ ವಿನ್ಯಾಸಗೊಂಡಿತು. ಅದು ಕಿಲ್ಡಾಲ್ ದುಡಿದ 8080ರ ನೇರ ವಂಶದ ಕುಡಿ. ಅವರ ಕಂಪನಿಯನ್ನು ಕೊಂಡ ನೊವೆಲ್, ಎಲೆಕ್ಟ್ರಾನಿಕ್ ಸಿಟಿಗೆ ಹೋಗುವ ಹೊಸೂರು ರಸ್ತೆಯ ಗಾರ್ವೆಭಾವಿಪಾಳ್ಯದಲ್ಲಿ ಅಭಿವೃದ್ಧಿ ಕೇಂದ್ರ ನಡೆಸಿತು. ಆ ಜಾಲ ತಂತ್ರಾಂಶಗಳ ಮೇಲೆ ಇಲ್ಲಿನ ಎಂಜಿನಿಯರುಗಳು ದುಡಿದರು. ಪೀಣ್ಯದಂತಹ ಕೈಗಾರಿಕಾ ಪ್ರದೇಶಕ್ಕೂ ಇದು ದೂರದ ವಿಷಯವಲ್ಲ. ಲೋಹ ಕೊರೆಯುವ ಯಂತ್ರದ ಕಬ್ಬಿಣ ಮೂವತ್ತು ವರ್ಷ ಬಾಳುತ್ತದೆ, ಅದನ್ನು ನಡೆಸುವ ಗಣಕಕ್ಕೆ ಹತ್ತೇ ವರ್ಷಗಳಲ್ಲಿ ಮುಪ್ಪು. ಫ್ಲಾಪಿ ಸಿಗದ ಕಾಲದಲ್ಲಿ ಅಂತಹ ಯಂತ್ರಕ್ಕೆ ಫ್ಲಾಪಿಯಂತೆಯೇ ವರ್ತಿಸುವ ಅಗ್ಗದ ಪೆಟ್ಟಿಗೆಯೊಂದನ್ನು ಜೋಡಿಸಿ ಕೆಲಸ ಮುಂದುವರಿಸುವುದೂ ಎಮ್ಯುಲೇಶನ್ನೇ.

ಇಷ್ಟೆಲ್ಲ ಬಲ್ಲ ನಗರ ತನ್ನದೇ ಗಣಕ ಚರಿತ್ರೆಯನ್ನು ಎಷ್ಟು ಉಳಿಸಿಕೊಂಡಿದೆ? 1970ರ ದಶಕದಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಪ್ರೊಸೆಸರ್ ಸಿಸ್ಟಮ್ಸ್ ಇಂಡಿಯಾ ಗಣಕಗಳನ್ನು ತಯಾರಿಸಿತು. 1980ರ ದಶಕದ ಆರಂಭದಲ್ಲಿ ವಿಪ್ರೊ ಇಂಟೆಲ್ 8086 ಆಧಾರಿತ ಮಿನಿ ಗಣಕಗಳನ್ನು ರೂಪಿಸಿತು. ಇನ್ಫೋಸಿಸ್ ಬೆಂಗಳೂರಿಗೆ ಬಂದ ಆರಂಭದ ದಿನಗಳಲ್ಲಿ ದುಡಿದದ್ದು ಡೇಟಾ ಜನರಲ್ ಕಂಪನಿಯ ಎಂವಿ 8000 ಯಂತ್ರದ ಮೇಲೆ. ಅವುಗಳಿಗಾಗಿ ಬರೆದ ತಂತ್ರಾಂಶದ ಮೂಲ ಸಂಕೇತ, ಕೈಪಿಡಿ, ಡಿಸ್ಕುಗಳನ್ನು ಸಂಶೋಧಕನೊಬ್ಬ ನಾಳೆ ಕೇಳಿದರೆ ಯಾವ ಬಾಗಿಲು ತಟ್ಟಬೇಕು? ಡಾಸ್ ಕಾಲದಲ್ಲಿ ಕನ್ನಡ ಅಕ್ಷರ ಮೂಡಿಸಿದ ಜಿಸ್ಟ್ ಕಾರ್ಡಿನಲ್ಲಿ, ಆ ಬಳಿಕದ ಹತ್ತಾರು ಬಗೆಯ ಅಕ್ಷರ ತಂತ್ರಾಂಶಗಳಲ್ಲಿ ಟೈಪಿಸಿಟ್ಟ ಬರಹಗಳ ಗತಿಯೂ ಇದೇ. ಕಡತ ಉಳಿದಿದ್ದರೂ ಅದನ್ನು ತೆರೆಯುವ ತಂತ್ರಾಂಶ ಇಲ್ಲದಿದ್ದರೆ ಅದು ಲಿಪಿ ತಿಳಿಯದ ಶಾಸನದಂತೆ.

ಸಿಪಿ/ಎಂ ಉಳಿದದ್ದು ಮೂರು ಸಂಗತಿಗಳಿಂದ: ಪ್ರತಿ, ಕೈಪಿಡಿ ಮತ್ತು ಅನುಮತಿ. ಬೆಂಗಳೂರಿಗೆ ಅತ್ಯಂತ ಕಠಿಣವಾದುದು ಮೂರನೆಯದು. ಸೇವಾ ಉದ್ಯಮದಲ್ಲಿ ಇಲ್ಲಿ ಬರೆದ ಸಂಕೇತದ ಬಹುಭಾಗ ಕರಾರಿನ ಪ್ರಕಾರ ದೂರದೇಶದ ಗ್ರಾಹಕರ ಸ್ವತ್ತು. ಬರೆದವರಿಗೆ ಅದರ ಒಂದು ಪ್ರತಿಯನ್ನು ಇಟ್ಟುಕೊಳ್ಳುವ ಹಕ್ಕೂ ಇಲ್ಲ. ನಮ್ಮ 1957ರ ಕೃತಿಸ್ವಾಮ್ಯ ಕಾಯ್ದೆ ಗಣಕ ಪ್ರೋಗ್ರಾಮನ್ನು ಸಾಹಿತ್ಯ ಕೃತಿಯೆಂದು ಪರಿಗಣಿಸುತ್ತದೆ. ಕರ್ತೃ ತೀರಿಕೊಂಡು 60 ವರ್ಷಗಳವರೆಗೆ ರಕ್ಷಣೆ ನೀಡುತ್ತದೆ. ಕಾದಂಬರಿಗೆ ಇದು ಸರಿಹೋಗಬಹುದು. ಹತ್ತು ವರ್ಷಗಳಲ್ಲಿ ಮೂಲೆಗುಂಪಾಗುವ ತಂತ್ರಾಂಶ ಅಷ್ಟು ಕಾಲ ಅನುಮತಿಗಾಗಿ ಕಾಯುವಷ್ಟರಲ್ಲಿ ಅದನ್ನು ಹೊತ್ತ ಡಿಸ್ಕಿನ ಕಾಂತಪದರವೇ ಅಳಿದಿರುತ್ತದೆ.

ಪರಿಹಾರ ಅಸಾಧ್ಯವಾದುದೇನಲ್ಲ. ಮಾರಾಟ ನಿಂತ ಸ್ವಂತ ಉತ್ಪನ್ನಗಳ ಮೂಲ ಸಂಕೇತವನ್ನು, ಕೈಪಿಡಿಯನ್ನು, ಸಂಶೋಧನೆಗೆ ತೆರೆದಿಡುವ ಅನುಮತಿಪತ್ರದೊಡನೆ, ಒಂದು ವಿಶ್ವವಿದ್ಯಾಲಯಕ್ಕೋ ಗ್ರಂಥಾಲಯಕ್ಕೋ ಒಪ್ಪಿಸುವ ಪದ್ಧತಿಯನ್ನು ಇಲ್ಲಿನ ಕಂಪನಿಗಳು ಆರಂಭಿಸಬಹುದು. ಸರ್ಕಾರ ತನ್ನ ಹಣದಲ್ಲಿ ಬರೆಸಿದ ಕನ್ನಡ ತಂತ್ರಾಂಶಗಳಿಂದಲೇ ಮೊದಲ ಹೆಜ್ಜೆ ಇಡಬಹುದು. ಎಂಜಿನಿಯರಿಂಗ್ ವಿದ್ಯಾರ್ಥಿಗೆ ಹಳೆಯ ಗಣಕವೊಂದರ ಎಮ್ಯುಲೇಟರ್ ಬರೆಯುವುದಕ್ಕಿಂತ ಉತ್ತಮ ಅಭ್ಯಾಸ ಸಿಗುವುದೂ ಕಷ್ಟ.

ಇಂತಹ ಕೆಲಸದ ಬೆಲೆ ಕರ್ನಾಟಕಕ್ಕೆ ಹೊಸದಾಗಿ ಹೇಳಬೇಕಾದುದಲ್ಲ. ಶತಮಾನಗಳಿಂದ ಹೆಸರಷ್ಟೇ ಕೇಳಿಬರುತ್ತಿದ್ದ ಕೌಟಿಲ್ಯನ ಅರ್ಥಶಾಸ್ತ್ರದ ತಾಳೆಗರಿ ಪ್ರತಿಯನ್ನು ಪಂಡಿತರೊಬ್ಬರು ತಂದೊಪ್ಪಿಸಿದ್ದು ಮೈಸೂರಿನ ಓರಿಯಂಟಲ್ ಲೈಬ್ರರಿಗೆ, ಆರ್. ಶಾಮಶಾಸ್ತ್ರಿಗಳು ಅದನ್ನು ಗುರುತಿಸಿ 1909ರಲ್ಲಿ ಪ್ರಕಟಿಸಿದರು. ತಂದವರಿಗೆ ಒಪ್ಪಿಸಲು ಒಂದು ಬಾಗಿಲಿತ್ತು, ಒಳಗೆ ಓದಬಲ್ಲವರಿದ್ದರು. ಕಿಲ್ಡಾಲ್ ಅವರ ಕೃತಿಗೂ ಅಂತಹದೊಂದು ಬಾಗಿಲು ಸಿಕ್ಕಿತು. ಎಲೆಕ್ಟ್ರಾನಿಕ್ ಸಿಟಿ, ವೈಟ್‌ಫೀಲ್ಡ್, ಪೀಣ್ಯಗಳಲ್ಲಿ ನಾಲ್ಕು ದಶಕಗಳಿಂದ ದುಡಿದವರ ಕೃತಿಗೆ ಬಾಗಿಲನ್ನು ಇನ್ನು ನಾವೇ ತೆರೆಯಬೇಕು. ಬರೆದವರು ಇನ್ನೂ ನಮ್ಮ ನಡುವೆ ಇರುವಾಗಲೇ.